ಅಲ್ಮಾ ಎಂಬ ಹೆಸರು ಬೀದರಕ್ಕೆ ಬಂದದ್ದು

ನನಗೆ ಸಂಬಂಧವಿಲ್ಲದ ಜಗಳಗಳೆಂದರೆ ಪ್ರಾಣ. ನನ್ನ ಮನೆಯ ಜಗಳಗಳಲ್ಲಿ ಯಾವಾಗಲೂ ಸೋಲುವವನು ನಾನೇ ಆದ್ದರಿಂದ, ಬೇರೆಯವರ ಜಗಳದಲ್ಲಿ ನ್ಯಾಯಾಧೀಶನಂತೆ ಕೂತು ನೋಡುವ ಸುಖವನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಬೀದರದ ಮೈಲೂರಿನ ನಮ್ಮ ಓಣಿಯಲ್ಲಿ ನಳದ ನೀರಿಗೆ ಮಾತು ಬೆಳೆದರೆ ಚಹಾದ ಕಪ್ಪು ಹಿಡಿದು ಮೊದಲು ಗೇಟಿಗೆ ಬರುವವನು ನಾನು. ಭಾಲ್ಕಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮೇಲಂತೂ ಈ ಚಟ ಹೆಚ್ಚಾಯಿತು. ಹೀಗಿರುವಾಗ, ಸುಮ್ಮನೆ ಕೂರಲಾರದೆ ಒಪ್ಪಿಕೊಂಡಿದ್ದ ಅನುವಾದದ ಕೆಲಸದೊಳಗಿಂದ ಒಂದು ಜಗಳ ತಾನಾಗಿ ಮನೆಗೆ ನಡೆದು ಬಂತು. ಎಂಥ ಜಗಳ ಅಂತೀರಿ! ತಲೆಮಾರುಗಳಿಂದ ನಡೆದದ್ದು, ಸಮುದ್ರದಾಚೆಯದು, ನನಗೂ ನನ್ನ ವಂಶಕ್ಕೂ ಏನೇನೂ ಸಂಬಂಧವಿಲ್ಲದ್ದು. ಇದಕ್ಕಿಂತ ಹೆಚ್ಚಿನ ಭಾಗ್ಯ ಯಾವ ನಿವೃತ್ತ ಮಾಸ್ತರನಿಗೆ ಬೇಕು?

ಅಮೆರಿಕದಲ್ಲಿ ಮಾರ್ಮನ್ ಎಂಬ ಪಂಥವಿದೆ. ಗುಡ್ಡದಲ್ಲಿ ಹೂತಿದ್ದ ಬಂಗಾರದ ತಗಡುಗಳು ತನಗೆ ದೊರೆತವೆಂದೂ, ಅವುಗಳ ಮೇಲಿದ್ದ ಪುರಾತನ ಬರಹವನ್ನು ದೇವರ ಕೃಪೆಯಿಂದ ಇಂಗ್ಲಿಷಿಗೆ ತಂದೆನೆಂದೂ ಅದರ ಸ್ಥಾಪಕ ಹೇಳಿದ. ಹಾಗೆ ಬಂದ ಧರ್ಮಗ್ರಂಥದಲ್ಲಿ ಬೈಬಲಿನಲ್ಲಿ ಕಾಣದ ಹೆಸರುಗಳು ರಾಶಿ ರಾಶಿ. ಈ ಹೆಸರುಗಳು ಎಲ್ಲಿಂದ ಬಂದವು ಎಂಬುದೇ ಜಗಳ. ಶ್ರದ್ಧೆಯ ವಿದ್ವಾಂಸರು ಒಂದೊಂದು ಹೆಸರಿಗೂ ಹೀಬ್ರೂ ಭಾಷೆಯಲ್ಲೋ ಈಜಿಪ್ಟಿನ ಭಾಷೆಯಲ್ಲೋ ಬೇರು ತೋರಿಸುತ್ತಾರೆ. ಸಂಶಯದ ವಿದ್ವಾಂಸರು, ಬೈಬಲಿನ ಹೆಸರಿಗೆ ಬಾಲ ಹಚ್ಚಿಯೋ ನಕ್ಷೆಯಲ್ಲಿ ಕಂಡ ಊರಿನ ಹೆಸರು ತಿರುವಿಯೋ ಕೂತಲ್ಲೇ ಹೆಣೆದವು ಇವು ಅನ್ನುತ್ತಾರೆ. ನನ್ನ ಪಾಲಿಗೆ ಬಂದ ಲೇಖನ ಅದರಲ್ಲೂ ಒಂದೇ ಹೆಸರಿನ ಕುರಿತದ್ದು: ಅಲ್ಮಾ. ಆ ಗ್ರಂಥದಲ್ಲಿ ಅಲ್ಮಾ ಗಂಡಸು, ಧರ್ಮ ಬೋಧಿಸಿದ ಹಿರಿಯ. ‘ಅಯ್ಯೋ, ಇದು ಲ್ಯಾಟಿನ್ನಿನ ಹೆಣ್ಣು ಹೆಸರು’ ಎಂದು ಸಂಶಯದ ಪಕ್ಷ ನಕ್ಕಿತು. ಮರುಭೂಮಿಯ ಗವಿಯಲ್ಲಿ ಸಿಕ್ಕ ಹಳೆಯ ಕರಾರುಪತ್ರದಲ್ಲಿ ಅದೇ ಹೆಸರಿನ ಗಂಡಸೊಬ್ಬನನ್ನು ತೋರಿಸಿ ಶ್ರದ್ಧೆಯ ಪಕ್ಷ ಮೀಸೆ ತಿರುವಿತು. ಅದಕ್ಕೆ ಸಂಶಯದ ಪಕ್ಷ, ಸ್ಥಾಪಕನ ಕಾಲದ ಅಮೆರಿಕದಲ್ಲೇ ಆ ಹೆಸರಿನ ಗಂಡಸರು ಇದ್ದರು, ಗವಿಯ ತನಕ ಯಾಕೆ ಹೋಗಬೇಕು ಎಂದಿತು. ನಾನು ಮುಂಜಾನೆ ಶ್ರದ್ಧೆಯವರ ಪಕ್ಷ, ಊಟವಾದ ಮೇಲೆ ಸಂಶಯದವರ ಪಕ್ಷ. ಇಬ್ಬರಿಗೂ ಅನ್ಯಾಯವಾಗಬಾರದಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಟೈಪು ಮಾಡುವುದು ಕಷ್ಟ. ಬಾಯಲ್ಲಿ ಹೇಳಿದ್ದನ್ನು ಕಂಪ್ಯೂಟರ್ ಬರೆದುಕೊಳ್ಳುವ ವ್ಯವಸ್ಥೆಯನ್ನು ಅಳಿಯ ಮಾಡಿಕೊಟ್ಟಿದ್ದ. ಕಂಪ್ಯೂಟರ್ ಬಹಳ ವಿಧೇಯವಾದದ್ದು. ಆದರೆ ಅಲ್ಮಾ ಎಂದರೆ ಅಲ್ಮಾರಿ ಎಂದು ಬರೆಯುತ್ತಿತ್ತು. ‘ಅಲ್ಮಾರಿಯು ಜನರಿಗೆ ಪಶ್ಚಾತ್ತಾಪವನ್ನು ಬೋಧಿಸಿತು’ ಎಂಬ ವಾಕ್ಯ ಓದಿ ನಾನೇ ಗಾಬರಿಯಾದೆ. ಆದ್ದರಿಂದ ಆ ಹೆಸರು ಬಂದಲ್ಲೆಲ್ಲ ಒತ್ತಿ ಒತ್ತಿ, ಗಂಟಲು ಹರಿಯುವಂತೆ, ‘ಅಲ್ಮಾ! ಅಲ್ಮಾ!’ ಎಂದು ಕೂಗಬೇಕಾಯಿತು.

ಅದೇ ಕೋಣೆಯಲ್ಲಿ ತೊಟ್ಟಿಲು ಇತ್ತು. ಮಗಳು ರೇಖಾ ಬಾಣಂತನಕ್ಕೆ ಬಂದಿದ್ದಳು, ಹೆಣ್ಣುಕೂಸು. ಬೀಗರು ಭಾತಂಬ್ರಾದವರು. ಸೋಯಾಬೀನ್ ರಾಶಿ ಮುಗಿಯಲಿ ಎಂದು ಅವರು ಹೆಸರಿಡುವುದನ್ನು ಒಂದೂವರೆ ತಿಂಗಳು ಮುಂದೆ ಹಾಕಿದ್ದರು. ಕೂಸು ಹೆಸರಿಲ್ಲದೆ ಮಲಗಿತ್ತು, ಹೆಸರಿಲ್ಲದೆ ಅಳುತ್ತಿತ್ತು. ಆದರೆ ನಾನು ಅಲ್ಮಾ ಎಂದು ಕೂಗಿದ ಕೂಡಲೇ ಅಳು ನಿಲ್ಲಿಸಿ ಕಣ್ಣು ಪಿಳಿಪಿಳಿ ಮಾಡಿ ನನ್ನ ಕಡೆಗೆ ಹೊರಳುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ ಕಸ್ತೂರಿ. ರೊಟ್ಟಿ ಬಡಿಯುತ್ತಿದ್ದವಳು ಅಡುಗೆಮನೆಯಿಂದಲೇ, “ರೀ, ಕೂಸು ಅಳ್ಲಕತ್ತದ, ನಿಮ್ಮ ಅಲ್ಮಾ ಒಂದೀಟು ಅನ್ರಿ” ಎನ್ನತೊಡಗಿದಳು. ನಾಲ್ಕು ದಿನಕ್ಕೆ ರೇಖಾ ತಾನೇ ಅನ್ನತೊಡಗಿದಳು. ಹಾಲು ಕೊಡಲು ಬಂದವಳೂ ತೊಟ್ಟಿಲಿಗೆ ಬಗ್ಗಿ, “ಏನವ್ವಾ ಅಲ್ಮಾ, ನಿದ್ದಿ ಆಯ್ತೇನು?” ಎಂದು ಕೇಳಿದಾಗ ನನಗೆ ಅಪಾಯದ ವಾಸನೆ ಬಂತು.

ಯಾಕೆಂದರೆ ಮೊಮ್ಮಗಳಿಗೆ ಹೆಸರು ಹುಡುಕುವ ಹೊಣೆಯನ್ನು ನಾನು ಯಾರೂ ಕೇಳದಿದ್ದರೂ ಹೊತ್ತುಕೊಂಡಿದ್ದೆ. ವಿದ್ವಾಂಸರ ಸಹವಾಸದಲ್ಲಿ ಎರಡು ತಿಂಗಳು ಕಳೆದವನಿಗೆ ಸುಮ್ಮನೆ ಬಬ್ಲಿ, ಪಿಂಕಿ ಎನ್ನಲಾಗುತ್ತದೆಯೇ? ಒಂದು ದೊಡ್ಡ ಹಾಳೆಯ ಮೇಲೆ ಹನ್ನೆರಡು ಹೆಸರು ಬರೆದು, ಒಂದೊಂದರ ಎದುರಿಗೂ ಅದರ ಧಾತು, ಅರ್ಥ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ನಮೂದಿಸಿದ್ದೆ. ರೇಖಾ ಹಾಳೆಯನ್ನು ನೋಡಿ ಮಡಚಿ ದಿಂಬಿನ ಕೆಳಗೆ ಇಟ್ಟಳು.

“ಪಪ್ಪಾ, ನಾ ಹನ್ನೆರಡೂ ಕರದು ನೋಡೀನಿ. ಒಂದಕ್ಕೂ ಹೊಳ್ಳಿ ನೋಡಲಿಲ್ಲ. ಅಲ್ಮಾ ಅಂದ್ರ ನಗ್ತದ. ನಾವು ಅಲ್ಮಾನೇ ಇಡ್ತೇವಿ. ಇವರಿಗೂ ಫೋನ್ ಮಾಡಿ ಕೇಳೀನಿ, ಹೂಂ ಅಂದಾರ.”

“ಏನ್ ಮಾತಾಡ್ತಿಯವ್ವಾ! ಅದು ಗಂಡಸಿನ ಹೆಸರು. ಗಡ್ಡದ ಮುದುಕ ಅವ.”

“ನಿನ್ನೆ ಹೆಣ್ಣಿನ ಹೆಸರು, ಹೆಣ್ಣಿನ ಹೆಸರು ಅಂತ ನೀವೇ ಒದರ್ಲಕತ್ತಿದ್ರಿ.”

ಅದು ಊಟವಾದ ಮೇಲಿನ ಪಕ್ಷವೆಂದು ಬಾಣಂತಿಗೆ ಹೇಗೆ ತಿಳಿಸುವುದು? “ಹೆಸರಿಗೆ ಒಂದು ಬೇರು ಬೇಕವ್ವಾ,” ಎಂದೆ. “ನಾಳಿ ಯಾರರ ಕೇಳಿದ್ರ ಎಲ್ಲಿಂದ ಬಂತು ಅಂತ ಹೇಳಂಗಿರಬೇಕು. ನನ್ನ ಹೆಸರು ನೋಡು.”

ಇಲ್ಲಿ ನನ್ನ ಹೆಸರಿನ ವಿಷಯ ಹೇಳಲೇಬೇಕು. ನಾನು ಸುಲ್ತಾನಪ್ಪ. ಬಹಮನಿ ಸುಲ್ತಾನನೊಬ್ಬ ಬೇಟೆಗೆ ಹೋಗಿ ದಾರಿ ತಪ್ಪಿ, ಠಾಣಾ ಕುಶನೂರಿನ ಹತ್ತಿರ ನಮ್ಮ ಹಿರಿಯರ ಗುಡಿಸಲಿನಲ್ಲಿ ಜೋಳದ ರೊಟ್ಟಿ ಉಂಡನೆಂದೂ, ಅಂದಿನಿಂದ ನಮ್ಮ ವಂಶದಲ್ಲಿ ಈ ಹೆಸರು ನಡೆದುಬಂದಿದೆಯೆಂದೂ ನಾನು ಪ್ರತಿ ವರ್ಷ ಎಂಟನೆಯ ಇಯತ್ತೆಯ ಹುಡುಗರಿಗೆ ಹೇಳುತ್ತಿದ್ದೆ. ಇದನ್ನು ನನಗೆ ಯಾರು ಹೇಳಿದರೆಂದು ನೆನಪಿಲ್ಲ. ಬಹುಶಃ ನಾನೇ ಹೇಳಿಕೊಂಡಿರಬೇಕು. ವರ್ಷ ಕಳೆದಂತೆ ಸುಲ್ತಾನನ ಕುದುರೆಗೆ ಬಿಳಿ ಬಣ್ಣ ಬಂತು, ರೊಟ್ಟಿಯ ಜೊತೆಗೆ ಪುಂಡಿಪಲ್ಯ ಬಂತು. ನನಗಿಂತ ಹಿಂದೆ ನಮ್ಮ ವಂಶದಲ್ಲಿ ಇನ್ನೊಬ್ಬ ಸುಲ್ತಾನಪ್ಪ ಇದ್ದ ದಾಖಲೆಯಿಲ್ಲ ನಿಜ. ದಾಖಲೆಗಳು ನಾಶವಾಗಿರಬೇಕು ಎಂದು ಶ್ರದ್ಧೆಯ ವಿದ್ವಾಂಸನಂತೆ ಸಮಾಧಾನ ಮಾಡಿಕೊಂಡಿದ್ದೆ.

ರೇಖಾ ಇದನ್ನು ಹುಟ್ಟಿದಾಗಿನಿಂದ ಕೇಳಿದವಳು. ಮುಖ ಆಕಡೆ ಮಾಡಿ ಕೂಸಿಗೆ ಹಾಲು ಕುಡಿಸತೊಡಗಿದಳು. ನನಗೆ ಸಿಟ್ಟು ಬಂದು, “ಆ ಹೆಸರು ಇಡೂದಾದ್ರ ನಾ ಕಾರ್ಯಕ್ಕ ಕೂಡಂಗಿಲ್ಲ” ಎಂದುಬಿಟ್ಟೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎರಡು ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಸ್ತೂರಿ ಚಹಾ ತಂದು ಟೇಬಲ್ಲಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನನಗೂ ಆಸೆ, ಆದರೆ ಮಾಸ್ತರಿಕೆ ಅಡ್ಡ ಬರುತ್ತಿತ್ತು.

ಅಷ್ಟರಲ್ಲಿ ಕುಶನೂರಿನಿಂದ ಗಂಗತ್ತಿ ಬಂದಳು. ಗಂಗತ್ತಿ ನನ್ನ ತಂದೆಯ ತಂಗಿ, ಎಂಬತ್ತರ ಹತ್ತಿರದವಳು, ಬಸ್ಸಿನಲ್ಲಿ ಒಬ್ಬಳೇ ಬರುವಷ್ಟು ಗಟ್ಟಿ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ ಕುರ್ರ್ ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ. ನನ್ನ ಕಿವಿಯಲ್ಲಿ ಹೆಸರು ಹೇಳಿದವಳು ಇದೇ ಗಂಗತ್ತಿ! ಗವಿಯ ಕರಾರುಪತ್ರಕ್ಕಾಗಿ ವಿದ್ವಾಂಸರು ಮರುಭೂಮಿ ಅಲೆಯುತ್ತಾರೆ. ನನ್ನ ಸಾಕ್ಷಿ ನಮ್ಮ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಳೆ. ರೇಖಾಳನ್ನು ಕರೆದು ಕೂಡಿಸಿದೆ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ.

“ಅತ್ತಿ, ನನಗ ಸುಲ್ತಾನಪ್ಪ ಅಂತ ಹೆಸರು ಯಾಕ ಇಟ್ರಿ, ಇಕಿಗಿ ಹೇಳು.”

“ಎಲ್ಲಿ ಸುಲ್ತಾನಪ್ಪ? ನಿನಗ ಚನ್ನಬಸಪ್ಪ ಅಂತ ಇಡೂದಿತ್ತು” ಎಂದಳು ಗಂಗತ್ತಿ.

ರೆಕಾರ್ಡಿಂಗ್ ನಿಲ್ಲಿಸಬಹುದಿತ್ತು. ನಿಲ್ಲಿಸಲು ಕೈ ಬರಲಿಲ್ಲ.

“ಅವತ್ತ ಮುಂಜಾನಿ ಬಳಿಗಾರ ಸುಲ್ತಾನಸಾಬ ಬಂದು ಎಲ್ಲಾರಿಗೂ ಬಳಿ ಇಡಿಸಿದ್ದ. ನನಗ ಹಸರ ಬಳಿ, ಕೈತುಂಬ. ಹದಿನಾರರ ಹುಡುಗಿ ನಾನು, ಎಷ್ಟ್ ಖುಷಿ ಅಂತಿ! ತೊಟ್ಟಲದಾಗ ಬಗ್ಗೀನಿ, ಚನ್ನಬಸಪ್ಪ ಅನ್ನಬೇಕು, ಅಷ್ಟರಾಗ ನಿಮ್ಮ ದೊಡ್ಡವ್ವ ಬೆನ್ನಿಗಿ ಎಂಥಾ ಗುದ್ದು ಹಾಕಿದಳೋ! ಕೈ ತೊಟ್ಟಲದ ಕಟ್ಟಿಗಿಗಿ ಬಡದು ಬಳಿ ಎಲ್ಲಾ ಚೂರ್ ಚೂರ್. ಅಯ್ಯ ಸುಲ್ತಾನಾ, ನನ್ನ ಬಳಿ ಹೋದವೋ ಅಂತ ಒದರೀನಿ. ಎಲ್ಲಾರೂ ಸುಲ್ತಾನ, ಸುಲ್ತಾನ ಅಂತ ಕೂಗಿ ಗುಗ್ಗರಿ ಹಂಚೇ ಬಿಟ್ರು. ನಿಮ್ಮಪ್ಪ ನಕ್ಕೋತ, ಕಿವ್ಯಾಗ ಹೋಗಿದ್ದು ಹೊರಗ ತೆಗಿಲಕ ಬರಂಗಿಲ್ಲ, ಇರಲಿ ಬಿಡ್ರಿ ಅಂದ.”

ನನ್ನ ಬಿಳಿ ಕುದುರೆಯ ಸುಲ್ತಾನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ರೇಖಾ ನಗಲಿಲ್ಲ, ನಕ್ಕಿದ್ದರೆ ಸಹಿಸಬಹುದಿತ್ತು. ಮೂವತ್ತು ವರ್ಷದ ಎಂಟನೆಯ ಇಯತ್ತೆಗಳೆಲ್ಲ ಒಟ್ಟಿಗೆ ಬಂದು ನನ್ನೆದುರು ಕೂತಂತಾಗಿ ನಾಚಿಕೆಯಾಯಿತು. ಗಂಗತ್ತಿಗೆ ಇದ್ಯಾವುದರ ಪರಿವೆ ಇಲ್ಲ. ಎಲೆಗೆ ಸುಣ್ಣ ಸವರುತ್ತ ಮುಂದುವರಿಸಿದಳು.

“ಸುಲ್ತಾನಸಾಬ ಅವತ್ತ ಅಂಗಳದಾಗೇ ಕೂತಿದ್ದ. ನನ್ನ ಹೆಸರ ಇಟ್ಟೀರಿ, ಇನ್ನ ಇವ ನನ್ನ ಮಗನೇ ಅಂದು ನಿನ್ನ ಕೈಗಿ ಕರಿ ಬಳಿ ಹಾಕಿದ. ಮುಂದ ವರ್ಷಾ ವರ್ಷಾ ಬರ್ತಿದ್ದ, ಬಂದವನೇ ಮೊದಲ ನಿನ್ನ ತೆಲಿ ಮ್ಯಾಲ ಕೈ ಇಡ್ತಿದ್ದ. ನಿನಗ ನೆನಪಿಲ್ಲೇನು?”

ನೆನಪಿತ್ತು. ಬಳೆಯ ಪೆಟ್ಟಿಗೆ ಇಳಿಸಿ, ಯಾರನ್ನೂ ಮಾತಾಡಿಸದೆ, ಮೊದಲು ನನ್ನನ್ನು ಹತ್ತಿರ ಕರೆದು ತಲೆ ಸವರುತ್ತಿದ್ದ ಒಬ್ಬ ಮುದುಕ. ಎಲ್ಲ ಹುಡುಗರಿಗೂ ಹಾಗೆಯೇ ಮಾಡುತ್ತಾನೆಂದುಕೊಂಡಿದ್ದೆ. ನನಗೊಬ್ಬನಿಗೇ ಎಂದು ಅರವತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ರೊಟ್ಟಿ ಉಂಡು ಹೋದ ಸುಲ್ತಾನ ನನ್ನ ವಂಶದವರನ್ನು ಒಮ್ಮೆಯೂ ಹೊರಳಿ ನೋಡಿರಲಿಲ್ಲ. ಈ ಸುಲ್ತಾನ ವರ್ಷವರ್ಷವೂ ಬಂದಿದ್ದ. ಫೋನು ಆರಿಸಿ ರೇಖಾಳಿಗೆ, “ಅಲ್ಮಾನೇ ಇಡ್ರಿ. ನಾ ಕೂಡ್ತೇನಿ” ಎಂದೆ. ಅವಳು ಎದ್ದು ಬಂದು ಕೂಸನ್ನು ನನ್ನ ಕೈಗೆ ಕೊಟ್ಟಳು.

ಕಾರ್ಯದ ದಿನ ಅಳಿಯನ ತಂಗಿ ಶೋಭಾ ತೊಟ್ಟಿಲಿಗೆ ಬಗ್ಗಿ, ಗುದ್ದುಗಳನ್ನೆಲ್ಲ ತಡೆದುಕೊಂಡು, ಸ್ಪಷ್ಟವಾಗಿ ಅಲ್ಮಾ ಎಂದಳು. ಆಮೇಲೆ ಊಟದ ಪಂಕ್ತಿಯಲ್ಲಿ ಹೆಸರಿನ ಮೂಲದ ಚರ್ಚೆ ಎದ್ದಿತು. ಬೀಗತಿ, “ಛಲೋ ಅದರಿ, ನಮ್ಮ ಶರಣರ ಹೆಸರಿನಂಗೇ ಅದ” ಎಂದು ಕೈಮುಗಿದರು. ನನ್ನ ಹಳೆಯ ಸಹೋದ್ಯೋಗಿ, ಉರ್ದು ಮಾಸ್ತರ ನಯೀಮ್ ಸಾಹೇಬರು, “ಇಲ್ಮ್ ಅಂದ್ರ ವಿದ್ಯಾ. ಅದರಿಂದಾನೇ ಬಂದದ ನೋಡ್ರಿ, ಪಕ್ಕಾ ನಮ್ಮದು” ಎಂದು ಪಟ್ಟು ಹಿಡಿದರು. ಔರಾದದಿಂದ ಬಂದ ನೆಂಟರೊಬ್ಬರು ಮರಾಠಿಯಲ್ಲಿ ಅದಕ್ಕೊಂದು ಅರ್ಥವಿದೆ, ಈಗ ನೆನಪಾಗುತ್ತಿಲ್ಲ ಎಂದರು. ಮಾಸ್ತರೇ, ನೀವು ಹೇಳಿರಿ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಹುಗ್ಗಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು ಮೂವರದೂ ಸರಿ ಎಂದು ತೀರ್ಪು ಕೊಟ್ಟೆ.

ಆ ವಾರವೇ ಅನುವಾದ ಮುಗಿಯಿತು. ಕಳಿಸುವ ಮುನ್ನ, ಅಲ್ಮಾ ಗಂಡೋ ಹೆಣ್ಣೋ ಎಂದು ಎರಡು ಪಕ್ಷಗಳೂ ಕಾದಾಡುವ ಪುಟದ ಕೆಳಗೆ ಅನುವಾದಕನ ಟಿಪ್ಪಣಿಯೊಂದನ್ನು ಸೇರಿಸಿದೆ: ‘ಈ ಹೆಸರನ್ನು ಬೀದರ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಇಡುವ ರೂಢಿಯೂ ಇದೆ.’ ಒಂದೇ ಕೂಸು, ಅದಕ್ಕೂ ಹೆಸರಿಟ್ಟು ಮೂರೇ ದಿನ. ರೂಢಿ ಎಂಬ ಮಾತು ತುಸು ಭಾರವಾಯಿತೆಂದು ನನಗೂ ಗೊತ್ತು. ತಮಗೆ ಬೇಕಾದ್ದನ್ನು ಮೊದಲು ನಂಬಿ ಆಮೇಲೆ ಪುರಾವೆ ಹುಡುಕುತ್ತಾರೆಂದು ಎರಡು ತಿಂಗಳು ಆ ವಿದ್ವಾಂಸರನ್ನು ನೋಡಿ ನಕ್ಕವನು ನಾನೇ ಎಂಬುದೂ ಗೊತ್ತು. ಮರುದಿನ ಸಂಪಾದಕರಿಂದ ಎರಡೇ ಶಬ್ದದ ಉತ್ತರ ಬಂತು: ‘ಆಧಾರ ತಿಳಿಸಿ.’ ಆಧಾರವು ಆಗ ನನ್ನ ತೊಡೆಯ ಮೇಲೆಯೇ ಮಲಗಿತ್ತು. ಅದೇ ತಾನೇ ನನ್ನ ಲುಂಗಿಯನ್ನು ಒದ್ದೆ ಮಾಡಿತ್ತು. ‘ಸ್ವತಃ ಅನುಭವಿಸಿದ್ದು’ ಎಂದು ಬರೆದು ಕಳಿಸಿ, ಲುಂಗಿ ಬದಲಿಸಲು ಎದ್ದೆ.