ಬೀಗರು ತಿದ್ದಿದ ದಡಿ

ಎಷ್ಟೇ ತಿಳಿಯಾಗಿ ಬರೆಯಿರಿ, ನಮ್ಮ ಮಂದಿ ಅದನ್ನು ತಮ್ಮ ಮನೆಯ ರೀತಿಯಲ್ಲೇ ಓದುತ್ತಾರೆ. ಗಜೇಂದ್ರಗಡದ ನೇಕಾರರ ಸಂಘವೊಂದರಲ್ಲಿ ನಾನಿದ್ದಾಗ ಸೀರೆಯ ದಡಿಗಳನ್ನೆಲ್ಲ, ಅಂದರೆ ಅಂಚಿನ ಚಿತ್ತಾರಗಳನ್ನೆಲ್ಲ, ಕಂಪ್ಯೂಟರಿಗೆ ಏರಿಸಿದ್ದೆವು. ಯಾರು ಏನು ತಿದ್ದಿದರೂ ಹಳೆಯದು ಒಳಗೇ ಉಳಿಯುತ್ತಿತ್ತು; ಒಂದು ಆಜ್ಞೆ ಕೊಟ್ಟರೆ ತಿರುಗಿ ಬರುತ್ತಿತ್ತು. ಆ ಆಜ್ಞೆ ಕೊಡುವುದು ಹೇಗೆಂದು ಕನ್ನಡದಲ್ಲಿ ಒಂದು ಹಾಳೆ ಬರೆಯುವ ಕೆಲಸ ನನ್ನದು. ನನಗದು ಬರೀ ನೌಕರಿಯಾಗಿರಲಿಲ್ಲ. ತೀರಿಹೋದ ನಮ್ಮವ್ವ ನೇಯುತ್ತಿದ್ದ ದಡಿ ಉಳಿದಿದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ.

೧. ಅಳಿಯ

"ಕೆಲಸ ಮುಗಿದ ಮೇಲೆ ಏನು ಮಾಡಿದಿರೆಂದು ಒಂದು ಸಾಲು ಬರೆಯಿರಿ" ಎಂದು ಹಾಳೆಯಲ್ಲಿ ಬರೆದಿದ್ದೆ. ಅವ್ವನ ದಡಿಯನ್ನು ಕಂಪ್ಯೂಟರಿಗೆ ಇಳಿಸಿದವರು ಅವಳ ಜೋಡಿ ಮಗ್ಗಕ್ಕೆ ಕೂತಿದ್ದ ಸೂಡಿ ಊರಿನ ಕಾಕು. ಆ ಕೆಲಸ ಮುಗಿಸಿ ಅವರು ಬರೆದ ಸಾಲು: "ರೋಣದಿಂದ ಅಳಿಯಾರು ಬಂದಾರ. ಸಿಹಿ ಊಟಕ್ಕ ಮಾದ್ಲಿ ಮಾಡಬೇಕು. ಹೋಗಿ ಬರ್ತೀನಿ."

"ಕಾಕು, ದಡಿ ಸುದ್ದಿ ಬರೀರಿ ಅಂದ್ರ ಇದೇನ್ರಿ?"

"ದಡಿ ದಿನಾ ಹಾಕ್ತೀನಿ ತಂಗಿ. ಅಳಿಯಾ ದಿನಾ ಬರ್ತಾನೇನ?"

೨. ಖಾತ್ರಿ

ನರಗುಂದದ ಸೀರೆ ವ್ಯಾಪಾರಿಯೊಬ್ಬರು ಹಳೆಯ ದಡಿಯೊಂದು ಬೇಕೆಂದು ಬಂದು ಕೂತಿದ್ದರು. ಕಾಕು ಹಾಳೆ ನೋಡಿಕೊಂಡು ಆಜ್ಞೆ ಕೊಟ್ಟರು. ಕೊನೆಯಲ್ಲಿ ನಾನು "ಪೂರ್ತಿ ಖಾತ್ರಿ ಇದ್ದರೆ ಮಾತ್ರ ಹೌದು ಒತ್ತಿರಿ" ಎಂದು ಬರೆದಿದ್ದೆ. ಅದನ್ನು ಓದಿದ್ದೇ ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರಿ?"

"ಸೂಡಿಗೆ. ಅತ್ತಿಯಾರ್ನ ಕೇಳಿ ಬರ್ತೀನಿ. ನಾ ಒಬ್ಬಾಕಿನ ಹ್ಯಾಂಗ ಹೌದ ಅನ್ಲಿ?"

ಬಸ್ಸು ಹತ್ತಿ ಹೋದವರು ಸಂಜೆಗೆ ಬಂದರು. ವ್ಯಾಪಾರಿಗೆ ಚಹಾ ಕುಡಿದು ಕುಡಿದು ಸಾಕಾಗಿತ್ತು.

"ಅತ್ತಿಯಾರು ಏನಂದ್ರು?" ಎಂದೆ.

"ಈ ಸಾಹುಕಾರರು ಯಾರ ಪೈಕಿ ಅಂತ ಕೇಳ್ಯಾರ."

೩. ಬೀಗರು

ಒಂದೇ ದಡಿಯನ್ನು ಇಬ್ಬರು ತಿದ್ದಿದರೆ ಕಂಪ್ಯೂಟರು ತಡೆದು, ಯಾವುದನ್ನು ಇಡಲಿ ಎಂದು ಕೇಳುತ್ತದೆ. "ಇಬ್ಬರೂ ಮಾತಾಡಿ, ಬೇಡವಾದದ್ದನ್ನು ತೆಗೆಯಿರಿ" ಎಂದು ಬರೆದಿದ್ದೆ. ಇಬ್ಬರು ನೇಕಾರರು ಅವ್ವನ ದಡಿಯನ್ನೇ ತಿದ್ದಿ, ಅದರ ಜಾಗದಲ್ಲಿ ತಂತಮ್ಮದನ್ನು ಹಾಕಿದ್ದರು. ನನ್ನ ದುರ್ದೈವಕ್ಕೆ ಅವರಿಬ್ಬರೂ ಹೊಸ ಬೀಗರು.

"ನಿಮ್ದ ಇರ್ಲಿ ಬೀಗರ."

"ಛೇ ಛೇ, ನಾವು ಹೆಣ್ಣಿನ ಕಡೆಯವ್ರು. ನಿಮ್ದ ಇರ್ಲಿ."

ನಾನು ಚಹಾ ಹೇಳಿ ಬರುವಷ್ಟರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ತಮ್ಮ ತಮ್ಮದನ್ನು ತೆಗೆದುಬಿಟ್ಟಿದ್ದರು. ಪರದೆಯ ಮೇಲೆ ಸೀರೆ ಇತ್ತು, ದಡಿ ಇರಲಿಲ್ಲ. ನಾನು ಬರೆದ ಹಾಳೆ ತಪ್ಪಿದ್ದರೆ ಅವ್ವನ ದಡಿ ಹೋದಂತೆಯೇ.

ಕಾಕು ಹಾಳೆ ಹಿಡಿದು ಕೂತರು. ಹಳೆಯ ಸಾಲುಗಳನ್ನು ತೆರೆದು ನೋಡಿದರೆ ಉಳಿದವರೆಲ್ಲ "ದಡಿ ತಿದ್ದಿದೆ" ಎಂದಷ್ಟೇ ಬರೆದಿದ್ದಾರೆ. ಯಾವುದು ಅವ್ವನದೆಂದು ಹುಡುಕುವುದು?

"ಇಲ್ನೋಡ, ನಮ್ಮ ಅಳಿಯಾ!" ಎಂದು ಕಾಕು ಅಂದು ತಾವು ಬರೆದ ಸಾಲಿನ ಮೇಲೆ ಬೆರಳಿಟ್ಟರು.

ಖಾತ್ರಿಯೇ ಎಂದು ಕಂಪ್ಯೂಟರು ಕೇಳಿತು. ಈ ಸಲ ಅವರು ಬಸ್ಸು ಹತ್ತಲಿಲ್ಲ. "ಇದು ನಿಮ್ಮವ್ವಂದು. ಯಾರ್ನ ಕೇಳೂದೈತಿ?" ಎಂದು ಒತ್ತಿಯೇಬಿಟ್ಟರು.

ಅವ್ವನ ದಡಿ ಬಂತು. ನನಗೆ ಕಣ್ಣು ತುಂಬಿತು. ಬೀಗರಿಬ್ಬರೂ ಬಾಗಿ ನೋಡಿ, "ಭಾಳ ಚಲೋ ಐತಿ. ನಾವ್ಯಾಕ ತಿದ್ದಾಕ ಹೋದ್ವಿ?" ಎಂದರು.

ಅಂದೇ ಹಾಳೆಗೆ ಇನ್ನೊಂದು ಸಾಲು ಸೇರಿಸಿದೆ: "ಈ ಹಂತದಲ್ಲಿ ಬೀಗರು ಒಬ್ಬರಿಗೊಬ್ಬರು ಮರ್ಯಾದೆ ಮಾಡಬಾರದು." ಮರುದಿನ ಅದನ್ನು ಗಂಡಿನ ಕಡೆಯ ಬೀಗರ ಕೈಗೆ ಕೊಟ್ಟೆ. ಅವರು ಕಣ್ಣೂ ಹಾಯಿಸದೆ ಹೆಣ್ಣಿನ ಕಡೆಯವರಿಗೆ ಚಾಚಿದರು: "ಮೊದಲ ನೀವ ಓದ್ರಿ, ಬೀಗರ."