ಒಣಮೀನಿನ ಮೇಲೆ ನನ್ನ ಠರಾವು

ಊರಿನ ಬಡವರು ಏನು ತಿನ್ನಬೇಕೆಂದು ತೀರ್ಮಾನಿಸುವುದಕ್ಕೆ ಬೇಕಾದ ಅರ್ಹತೆಗಳೆಲ್ಲ ನನ್ನಲ್ಲಿದ್ದವು. ನಾನು ಹೈಸ್ಕೂಲು ಮಾಸ್ತರ. ಪೌಷ್ಟಿಕ ಆಹಾರದ ಮೇಲೆ ಒಂದು ಪುಸ್ತಿಕೆ ಓದಿದ್ದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ಹೊತ್ತೂ ನನಗೆ ಬೇಕಾದ್ದನ್ನೇ ತಿಂದು ಹೊಟ್ಟೆ ತುಂಬಿರುತ್ತಿತ್ತು. ಪರರ ಆಹಾರದ ಬಗ್ಗೆ ಹೊಟ್ಟೆ ತುಂಬಿದವನಿಗೆ ಬರುವಷ್ಟು ಒಳ್ಳೊಳ್ಳೆಯ ವಿಚಾರಗಳು ಹಸಿದವನಿಗೆ ಬರುವುದಿಲ್ಲ.

ಕೊಂಕಣ ರೈಲು ಓಡತೊಡಗಿ ಒಂದೆರಡು ವರ್ಷವಾಗಿತ್ತು. ಆ ಸಲದ ಗಾಳಿಮಳೆಗೆ ನಮ್ಮ ಹಳದೀಪುರದ ಕಡಲ ಬದಿಯ ಕೇರಿಯಲ್ಲಿ ಸುಮಾರು ಮನೆಗಳ ಮಾಡು ಹಾರಿಹೋಯಿತು. ಸರ್ಕಾರ ಆ ಮನೆಗಳವರಿಗೆ ಚೀಟಿ ಕೊಟ್ಟಿತು. ಚೀಟಿ ತೋರಿಸಿ ಮಳೆಗಾಲ ಮುಗಿಯುವ ತನಕ ಊರ ಸೊಸೈಟಿ ಅಂಗಡಿಯಿಂದ ಊಟದ ಸಾಮಾನು ಒಯ್ಯಬಹುದು. ಯಾವ ಸಾಮಾನು ಎಂಬುದನ್ನು ಊರ ಸಮಿತಿಯೇ ಗೊತ್ತುಮಾಡಲಿ ಎಂದು ಮೇಲಿನಿಂದ ಹೇಳಿ ಕಳಿಸಿದ್ದರು. ಸಮಿತಿಯಲ್ಲಿ ನಾವು ಮೂವರು. ಅಧ್ಯಕ್ಷರಿಗೆ ಕಿವಿ ಕೇಳುತ್ತಿರಲಿಲ್ಲ. ಸೊಸೈಟಿ ಅಂಗಡಿಯ ಈಶ್ವರನಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ನನಗೆ ಈ ಎರಡು ಕೊರತೆಗಳಲ್ಲಿ ಯಾವುದೂ ಇರಲಿಲ್ಲ. ಎರಡನೆಯದಂತೂ ಹುಟ್ಟಿನಿಂದಲೇ ಇಲ್ಲ.

ಸಭೆಯಲ್ಲಿ ಎದ್ದು ನಿಂತು, "ಸರ್ಕಾರದ ದುಡ್ಡು ಇರುವುದು ಹಸಿವು ತೀರಿಸುವುದಕ್ಕೇ ಹೊರತು ಬಾಯಿಚಪಲ ತೀರಿಸುವುದಕ್ಕಲ್ಲ" ಎಂದು ಘೋಷಿಸಿದೆ. ವಾಕ್ಯ ನನಗೇ ಬಹಳ ಹಿಡಿಸಿತು. ಆದ್ದರಿಂದ ಇನ್ನೊಂದು ಸಲ ಹೇಳಿದೆ. ಆ ಹುರುಪಿನಲ್ಲೇ ಚಾಪುಡಿ ತೆಗೆದುಹಾಕಿದೆ. ಸಕ್ಕರೆ ಹೋಯಿತು. ಬಿಸ್ಕೀಟು ಹೋಯಿತು. ಬಿಳಿ ಅಕ್ಕಿ ಇರುವಾಗ ಕುಚ್ಚಲಕ್ಕಿ ಯಾಕೆ ಎಂದು ಅದನ್ನೂ ಹೊಡೆದುಹಾಕಿದೆ. ಗೋಧಿ ಮತ್ತು ಹೆಸರುಕಾಳನ್ನು ಧಾರಾಳವಾಗಿ ಸೇರಿಸಿದೆ. ಒಣಮೀನಿನ ಸರದಿ ಬಂದಾಗ ಈಶ್ವರ ಕೆಮ್ಮಿದ.

"ಮಾಸ್ತರೇ, ಮಳೆಗಾಲ ಮಾರಾಯ್ರೆ. ಬೋಟು ಹೊರಡೂದಿಲ್ಲ, ಹಸಿಮೀನು ಕಾಣೂಕೆ ಸಿಗೂದಿಲ್ಲ. ಒಣಮೀನೂ ಬೇಡ ಅಂದ್ರೆ ಗಂಜಿಗೆ ಎಂತ ನೆಂಚ್ಕಳ್ಳೂದು?"

"ಹೆಸರುಕಾಳು" ಎಂದೆ. "ಅದರಲ್ಲೂ ಪ್ರೋಟೀನು ಇದೆ."

"ಅಡ್ಡಿಲ್ಲ, ಅಡ್ಡಿಲ್ಲ" ಎಂದರು ಅಧ್ಯಕ್ಷರು. ಅವರು ಎಲ್ಲದಕ್ಕೂ ಹಾಗೆಯೇ ಅನ್ನುತ್ತಿದ್ದರು. ಠರಾವು ಸರ್ವಾನುಮತದಿಂದ ಪಾಸಾಯಿತು.

ಮನೆಗೆ ಬಂದು ಊಟಕ್ಕೆ ಕೂತು ನನ್ನ ಸಾಧನೆಯನ್ನು ಹೆಂಡತಿ ಸುಮಿತ್ರೆಗೆ ಸವಿಸ್ತಾರವಾಗಿ ವರ್ಣಿಸಿದೆ. ಅವಳು ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ನೀವು ಈಗ ತಿಂತಾ ಇದ್ದದ್ದು ಎಂತ?"

ನೋಡಿದೆ. ಒಣಶೆಟ್ಲಿ ಚಟ್ನಿ. ಅಂದರೆ ಒಣಗಿಸಿದ ಸಣ್ಣ ಸಿಗಡಿಯನ್ನು ಹುರಿದು ಕಾಯಿ, ಮೆಣಸು ಸೇರಿಸಿ ಅರೆದದ್ದು. ಆಗಲೇ ಎರಡನೆಯ ಸಲ ಹಾಕಿಸಿಕೊಂಡಿದ್ದೆ.

"ಇದು ನನ್ನ ಸಂಬಳದ್ದು" ಎಂದೆ ಗಂಭೀರವಾಗಿ.

"ಹಂಗಾರೆ ಸಂಬಳ ಕೊಡೂದು ಯಾರು? ಸರ್ಕಾರ ಅಲ್ದಾ?"

ನಾನು ಮಜ್ಜಿಗೆ ಕೇಳಿದೆ.

ನಮ್ಮ ಮನೆಗೆ ಮೀನು ತರುತ್ತಿದ್ದವಳು ಮಾದೇವಿ. ನಾನು ಜುಟ್ಟಿಲ್ಲದ ಮಗಳನ್ನು ಎತ್ತಿಕೊಂಡು ತಿರುಗುತ್ತಿದ್ದ ಕಾಲದಿಂದ ಅವಳ ಬುಟ್ಟಿ ಇಳಿಯುತ್ತಿದ್ದದ್ದು ಮೊದಲು ನಮ್ಮ ಜಗಲಿಯಲ್ಲಿ, ಆಮೇಲೆ ಉಳಿದವರ ಮನೆಯಲ್ಲಿ. ಮಳೆಗಾಲದಲ್ಲೂ ಹೊಳೆಯ ಮೀನೋ ಬಳಚಿನ ಚಿಪ್ಪೋ ಏನಾದರೊಂದು ಹುಡುಕಿ ತರುತ್ತಿದ್ದಳು. ಈ ಸಲ ಗಾಳಿಗೆ ಅವಳ ಮನೆಯ ಮಾಡೂ ಹಾರಿತ್ತು, ಬೇಸಿಗೆಯೆಲ್ಲ ಒಣಗಿಸಿಟ್ಟ ಮೀನು ನೀರಲ್ಲಿ ನೆನೆದು ಹಾಳಾಗಿತ್ತು. ಅವಳು ಚೀಟಿ ಹಿಡಿದು ಸೊಸೈಟಿಗೆ ಹೋದ ದಿನವೇ ಈಶ್ವರ ಸಾಲಿನಲ್ಲಿ ನಿಂತವರಿಗೆಲ್ಲ ನನ್ನ ಠರಾವನ್ನು ಓದಿ ಹೇಳಿದ್ದ, ನನ್ನ ಹೆಸರಿನ ಸಮೇತ.

ಮರುದಿನ ಮಾದೇವಿ ನಮ್ಮ ಬೇಲಿಯ ದಣಪೆಯ ಮುಂದೆ ನಿಲ್ಲದೇ ಹೋದಳು. ಸುಮಿತ್ರೆ ಓಡಿಹೋಗಿ ಕರೆದಳು.

"ಬೇಡ ಅಮ್ಮ" ಎಂದಳು ಮಾದೇವಿ. "ಮೀನು ಅಂದ್ರೆ ಬಾಯಿಚಪಲ ಅಂತೆ. ಮಾಸ್ತರ್ರು ಹೇಳಿದ್ದಾರೆ. ಅಂಥಾದ್ದನ್ನ ಅವ್ರ ಮನೆ ಜಗಲಿಗೆ ಇಳಿಸೂಕೆ ಆಗ್ತದಾ?"

ಅದು ಕೋಪದ ಮಾತಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಆದರೆ ಅವಳು ಬಹಳ ಮರ್ಯಾದೆಯಿಂದ ಹೇಳಿದಳು. ಮರ್ಯಾದೆಗೆ ಮದ್ದಿಲ್ಲ.

ಆ ವಾರವೇ ಭಟ್ಕಳದಿಂದ ಮಗಳ ಫೋನು ಬಂತು. ಅವಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಮದುವೆಯ ದಿನ ಪಾಯಸ ಹೋಳಿಗೆಯ ಊಟ ಹಾಕಿದವರು ಆಮೇಲೊಂದು ದಿನ ಬೀಗರನ್ನು ಕರೆದು ಮೀನೂಟ ಹಾಕಬೇಕು. ಅದಿಲ್ಲದೆ ನಮ್ಮಲ್ಲಿ ಮದುವೆ ಮುಗಿದಂತೆ ಲೆಕ್ಕವಿಲ್ಲ. ಬೀಗಿತಿಗೆ ಮೈ ಹುಷಾರಿಲ್ಲದೆ ಆ ಊಟ ಮುಂದಕ್ಕೆ ಹೋಗಿತ್ತು.

"ಈ ಆಯ್ತವಾರ ಬರ್ತೇವೆ ಅಪ್ಪ" ಎಂದಳು ಮಗಳು. ಆಮೇಲೆ ದನಿ ತಗ್ಗಿಸಿ, "ಅತ್ತೆ ಕಂಡಕಂಡವ್ರ ಹತ್ರ ಹೇಳ್ತಿದ್ದಾರೆ, ಹಳದೀಪುರದವ್ರು ಮೀನೂಟ ತಪ್ಪಿಸ್ಕಂಡ್ರು ಅಂತ. ಎಲ್ಲರೆದ್ರಿಗೆ ನಂಗೆ ತಲೆ ಎತ್ತೂಕೆ ಆಗೂದಿಲ್ಲ. ಈ ಸಲ ಸರಿ ಮಾಡಿ" ಎಂದಳು.

ಆಗಲಿ ಎಂದೆ. ಬಾಯಿಮಾತಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

"ಮಾದೇವಿ ಹತ್ರ ಹೋಗಿ ತಪ್ಪಾಯ್ತು ಹೇಳಿ" ಎಂದಳು ಸುಮಿತ್ರೆ. "ಅವಳು ಮನಸ್ಸು ಮಾಡಿದ್ರೆ ಹೊಳೆಬದಿಯವ್ರ ಹತ್ರ ಒಳ್ಳೆ ಮೀನು ತರಿಸ್ತಾಳೆ."

ಹೋದೆ. ಮಾದೇವಿ ತಾಡಪಾಲಿನ ಮಾಡಿನಡಿ ಕೂತು ಹಸಿ ಸೌದೆಯ ಒಲೆ ಊದುತ್ತಿದ್ದಳು. ಹಸಿಮೀನು ಬೇಕಾಗಿತ್ತು ಎಂದೆ.

"ನಮ್ಮ ಗಂಜಿಗೆ ಬೇಡಾಗಿದ್ದು ನಿಮ್ಮ ಬೀಗರ ಬಾಳೆಗೆ ಹೆಂಗೆ ಬೇಕಾತು ಮಾಸ್ತರೇ?"

ಇಲ್ಲಿ ತಪ್ಪಾಯ್ತು ಅನ್ನುವುದೊಂದೇ ಕೆಲಸ. ಎಂಟನೆಯ ತರಗತಿಯ ದಡ್ಡನಿಗೂ ಅದು ಹೊಳೆಯುತ್ತಿತ್ತು. ನಾನು ಅದನ್ನು ಬಿಟ್ಟು ಸರ್ಕಾರದ ಸಹಾಯಕ್ಕೂ ಸ್ವಂತ ಖರ್ಚಿಗೂ ಇರುವ ತಾತ್ವಿಕ ವ್ಯತ್ಯಾಸವನ್ನು ವಿವರಿಸತೊಡಗಿದೆ. ಪೌಷ್ಟಿಕಾಂಶಕ್ಕೂ ಬಂದೆ. ಅವಳು ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಪೂರ್ತಿ ಕೇಳಿದಳು.

"ಆತು, ಹೋಗಿ ಬನ್ನಿ" ಎಂದಳು.

ಅಲ್ಲಿಂದ ಸೀದಾ ಸೊಸೈಟಿಗೆ ಹೋಗಿ, ಠರಾವನ್ನು ಸ್ವಲ್ಪ ತಿದ್ದೋಣ ಎಂದು ಈಶ್ವರನಿಗೆ ಹೇಳಿದೆ.

"ಅದು ತಾಲೂಕಿಗೆ ಹೋಗಿ ಮುಟ್ಟಿತಲ್ಲ ಮಾಸ್ತರೇ. ಅಲ್ಲಿನವ್ರಿಗೆ ಭಾಳ ಸೇರಿದೆ ಅಂತೆ. ಉಳಿದ ಊರಿಗೂ ಇದೇ ಮಾಡೂದಂತೆ."

ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದ್ದನ್ನು ಯಾರೂ ಮೆಚ್ಚಿರಲಿಲ್ಲ. ಇದನ್ನು ಮೆಚ್ಚಿದರು.

ಶನಿವಾರ ಶಾಲೆ ಬಿಟ್ಟವನೇ ಹೊನ್ನಾವರದ ಮೀನು ಪೇಟೆಗೆ ಹೋದೆ. ಒಬ್ಬಳ ಬುಟ್ಟಿಯಲ್ಲಿ ಹೊಳೆಯ ಮೀನು ಬೆಳ್ಳಗೆ ಮಿನುಗುತ್ತಿತ್ತು. ಬಗ್ಗಿ ದರ ಕೇಳಿದೆ. ಅವಳು ನನ್ನ ಮುಖ ನೋಡಿ ಬುಟ್ಟಿಗೆ ಗೋಣಿತಾಟು ಮುಚ್ಚಿದಳು.

"ಹಳದೀಪುರದ ಹೆಸರುಕಾಳು ಮಾಸ್ತರಲ್ದಾ ನೀವು? ನಾನು ಮಾದೇವಿ ನಾದಿನಿ."

ಪಕ್ಕದವಳ ಕಡೆ ತಿರುಗಿದೆ. ಅವಳು ಮಾದೇವಿಯ ಚಿಕ್ಕಮ್ಮ. ಅದರಾಚೆಯವಳಿಗೆ ಸಂಬಂಧವೇನೂ ಇರಲಿಲ್ಲ, ಆದರೆ ಉಳಿದಿಬ್ಬರು ನೋಡುತ್ತಿದ್ದರು. ಒಬ್ಬ ಮೀನುಗಾರ್ತಿಯ ಮನಸ್ಸು ನೋಯಿಸಿದವನು ಎರಡು ತಾಲೂಕಿನಲ್ಲಿ ಮೀನು ಕೊಳ್ಳಲಾರ ಎಂಬ ಸಾಮಾನ್ಯ ಜ್ಞಾನ ನನ್ನ ಪುಸ್ತಿಕೆಯಲ್ಲಿ ಇರಲಿಲ್ಲ.

ಛಲ ಬಿಡಲಿಲ್ಲ. ಬಸ್ಸು ಹತ್ತಿ ಕುಮಟೆಗೆ ಹೋದೆ. ಅಲ್ಲೊಬ್ಬ ಹೊಸಬ ಮಂಜುಗಡ್ಡೆಯ ಪೆಟ್ಟಿಗೆ ಇಟ್ಟುಕೊಂಡು ಬೇರೆ ಕಡೆಯಿಂದ ತರಿಸಿದ ಇಸ್ವಾಣ ಮೀನು ಮಾರುತ್ತಿದ್ದ. ಅವನಿಗೆ ನನ್ನ ಗುರುತಿರಲಿಲ್ಲ. ಅದೇ ನನಗೆ ಅವನ ಮೇಲೆ ನಂಬಿಕೆ ಹುಟ್ಟಿಸಿತು. ಜೀವಮಾನದಲ್ಲಿ ನಾನು ಮೀನು ಆರಿಸಿದವನಲ್ಲ. ಜಗಲಿಯಲ್ಲಿ ಸುಮಿತ್ರೆ ಆರಿಸುತ್ತಿದ್ದಳು, ನಾನು ತಿನ್ನುತ್ತಿದ್ದೆ. ಅವಳು ಮೀನಿನ ಕಿವಿರು ಎತ್ತಿ ನೋಡುವುದನ್ನು ಕಂಡಿದ್ದೆ. ನಾನೂ ಎತ್ತಿ ನೋಡಿದೆ. ಏನು ನೋಡಬೇಕೆಂದು ಗೊತ್ತಿರಲಿಲ್ಲವಾದ್ದರಿಂದ ಬಹಳ ಹೊತ್ತು ನೋಡಿದೆ.

"ಫಸ್ಟ್ ಕ್ಲಾಸ್ ಮಾಲು ಸರ್" ಎಂದ ಆತ. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ತಿರುಗಿ ಬರುವ ಬಸ್ಸಿಗೆ ಮಳೆಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಸೀಟಿನ ಅಕ್ಕಪಕ್ಕ ವಿಶಾಲವಾದ ಜಾಗ ಖಾಲಿಯಾಯಿತು. ಜನ ಮಾಸ್ತರಿಗೆ ಗೌರವ ಕೊಡುತ್ತಿದ್ದಾರೆಂದೇ ಭಾವಿಸಿದೆ. ಕಂಡಕ್ಟರು ಮೂಗಿಗೆ ಟವೆಲು ಒತ್ತಿಕೊಂಡು ಬಂದು, "ಬ್ಯಾಗಲ್ಲಿ ಎಂತ ಉಂಟು? ಇಳೀರಿ ಮಾರಾಯ್ರೆ" ಎಂದ. ನಮ್ಮ ಊರಿಗೆ ಇನ್ನೂ ಎರಡು ಸ್ಟಾಪು ಇತ್ತು. ಕೊಡೆ ಹಿಡಿದು ನಡೆದೆ. ವಾಸನೆ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಸುಮಿತ್ರೆ ಅಂಗಳದಲ್ಲೇ ತಡೆದಳು.

"ಒಳಗೆ ತರಬೇಡಿ. ತೆಂಗಿನ ಬುಡಕ್ಕೆ ಹುಗೀರಿ. ಅದಾದ್ರೂ ತಿನ್ನಲಿ."

ಭಾನುವಾರ ಬೀಗರು ಬಂದರು. ಬೀಗಿತಿ, ಅಳಿಯ, ಮಗಳು. ಎದುರಿಗೆ ಬಾಳೆಲೆ. ಒಣಶೆಟ್ಲಿಯ ಡಬ್ಬಿಯೂ ಅಷ್ಟರಲ್ಲಿ ತಳ ಕಂಡಿತ್ತು. ಆ ಮಳೆಯಲ್ಲಿ ಅನ್ನದ ಅಕ್ಕಿ ಬಿಟ್ಟರೆ ಮನೆಯಲ್ಲಿದ್ದದ್ದು ಊರಿಗೆ ಮಾದರಿಯಾಗಲೆಂದು ನಾನೇ ತಂದಿಟ್ಟ ಹೆಸರುಕಾಳು ಮತ್ತು ಗೋಧಿ. ಸುಮಿತ್ರೆ ಹೆಸರುಕಾಳಿನ ಗಸಿ ಮಾಡಿದ್ದಳು, ಪಲ್ಯ ಮಾಡಿದ್ದಳು, ಪಾಯಸ ಮಾಡಿದ್ದಳು. ಜೊತೆಗೆ ಚಪಾತಿ. ಅಳಿಯ ಹುರಿದ ಮೀನು ಈಗ ಬಂದೀತು, ಆಗ ಬಂದೀತು ಎಂದು ಅಡುಗೆಮನೆಯ ಬಾಗಿಲು ನೋಡುತ್ತ ಚಪಾತಿಯನ್ನು ಸಣ್ಣಸಣ್ಣ ಚೂರು ಮಾಡುತ್ತಿದ್ದ. ಬೀಗಿತಿ ಗಸಿಯನ್ನು ಬೆರಳಿಂದ ಸರಿಸಿ ಅಡಿಯಲ್ಲಿ ಏನಾದರೂ ಇದೆಯೇ ಎಂದು ನೋಡಿದರು.

ನಾನು ಪ್ರೋಟೀನಿನ ವಿಷಯ ಎತ್ತಿದೆ.

"ಹೌದೋ" ಎಂದರು ಬೀಗಿತಿ. ಎಲೆಯ ಮೇಲಿನ ಚಪಾತಿಯನ್ನು ಮಡಿಸಿ ಬದಿಗಿಟ್ಟರು.

ಮಗಳು ಊಟದ ನಡುವೆ ಎದ್ದು ಒಳಗೆ ಹೋದಳು. ನೀರು ತರಲು ಹೋದ ನಾನು ನೋಡಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತಿದ್ದಳು. ನನಗೆ ನಾಚಿಕೆಯಾಯಿತು. ತಮಾಷೆಗಲ್ಲ, ನಿಜವಾಗಿ ಆಯಿತು. ನಾನು ಇನ್ನೊಬ್ಬರ ಮನೆಯ ಬಟ್ಟಲಿಗೆ ಕೈ ಹಾಕಿದ್ದಕ್ಕೆ ನನ್ನ ಮಗಳು ತಲೆ ತಗ್ಗಿಸಬೇಕಾಯಿತು.

ಬೀಗರ ಬಸ್ಸು ಹೊರಟ ಕೂಡಲೇ ಈಶ್ವರನ ಮನೆಗೆ ಹೋದೆ. "ತಾಲೂಕಿನವರು ಏನಾದರೂ ಅನ್ನಲಿ. ನಾಳೆಯಿಂದ ಒಣಮೀನು ಕೊಡು, ಕೇಳಿದರೆ ನನ್ನ ಹೆಸರು ಹೇಳು" ಎಂದೆ.

ಈಶ್ವರ ತಲೆ ಕೆರೆದುಕೊಂಡ. "ಕೊಡ್ತಾನೇ ಇದ್ದೆ ಮಾಸ್ತರೇ. ಓದಿ ಹೇಳಿದ ಮರುದಿನದಿಂದ್ಲೇ. ಕುಚ್ಚಲಕ್ಕೀನೂ ಕೊಡ್ತೆ, ಚಾಪುಡೀನೂ ಕೊಡ್ತೆ. ಕೊಡದೇ ಹೋದ್ರೆ ಅವ್ರು ಉಣ್ಣೂದು ಎಂತ? ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಅಂದರೆ ಇಡೀ ಊರಿನಲ್ಲಿ ನನ್ನ ಠರಾವನ್ನು ಅಕ್ಷರಶಃ ಪಾಲಿಸಿದ್ದು ಒಂದೇ ಮನೆ!

ಮಾದೇವಿಯ ಮನೆಗೂ ಹೋದೆ. ಈ ಸಲ ಭಾಷಣ ಮಾಡದೆ, ತಪ್ಪಾಯ್ತು ಎಂದೆ.

"ಅಷ್ಟೇ ಮಾತನ್ನ ಆವತ್ತೇ ಅಂದಿದ್ರೆ ನಿಮ್ಮ ಬೀಗರು ಮೀನು ಉಂಡು ಹೋಗ್ತಿದ್ರು" ಎಂದಳು. "ಮಳೆ ನಿಲ್ಲಲಿ, ಬತ್ತೆ."

ಮಳೆ ನಿಲ್ಲಲಿಲ್ಲ. ಅದು ನಿಲ್ಲುವ ಮೊದಲೇ ಅಳಿಯ ಬಂದ, ಹೆಗಲ ಮೇಲೊಂದು ಚೀಲ. ಜಗಲಿಯಲ್ಲಿ ಇಳಿಸಿ ಬಿಚ್ಚಿದ. ಕುಚ್ಚಲಕ್ಕಿ, ಚಾಪುಡಿ, ಸಕ್ಕರೆ, ಬಾಳೆಲೆಯಲ್ಲಿ ಕಟ್ಟಿದ ಒಣಬಂಗಡೆ.

"ಅಮ್ಮ ಕಳಿಸಿದ್ರು ಮಾವ" ಎಂದ, ನನ್ನ ಮುಖ ನೋಡದೆ. "ನಿಮಗೆ ಸಂಬಳ ಸರಿಯಾಗಿ ಆಗೂದಿಲ್ಲ ಕಾಣ್ತದೆ, ಬಾಯಿಬಿಟ್ಟು ಹೇಳೂಕೆ ನಾಚ್ಕೆ, ಪಾಪ ಅಂದ್ರು."

ಮಗಳನ್ನು ಕೊಟ್ಟ ಮನೆಯಿಂದ ಒಂದು ಹಿಡಿ ಅಕ್ಕಿ ತಂದರೂ ನಮ್ಮ ಕಡೆ ಆಡಿಕೊಳ್ಳುತ್ತಾರೆ. ಚೀಲವನ್ನು ಹಾಗೆಯೇ ವಾಪಸು ಹೊರಿಸಬೇಕೆಂದು ಎದ್ದೆ.

"ಮತ್ತೊಂದು ಮಾತು ಹೇಳಿದ್ದಾರೆ" ಎಂದ ಅಳಿಯ. "ಬೇಜಾರು ಮಾಡ್ಕಳ್ಬೇಡಿ ಮಾವ. ಈ ಮೀನನ್ನ ನೀವೇ ತಿನ್ಬೇಕಂತೆ. ಮಾರಿ ಹೆಸರುಕಾಳು ತಕ್ಕೊಳ್ಳೂದು ಮಾತ್ರ ಬೇಡ ಅಂತೆ."

ಸುಮಿತ್ರೆ ಆಗಲೇ ಬಂಗಡೆಯನ್ನು ಕೆಂಡದ ಮೇಲೆ ಇಟ್ಟಾಗಿತ್ತು. ಬಿಸಿ ಗಂಜಿ ಮುಂದೆ ಬಂತು. ನಾನು ಕೂತು, ಸಹಾಯ ಕೊಟ್ಟವರ ಷರತ್ತನ್ನು ಚಾಚೂ ತಪ್ಪದೆ ಪಾಲಿಸಿದೆ.