ಎರಡನೇ ಆಲ್ಬಮ್ಮಿನ ಒಂಬತ್ತನೇ ಹಾಡು

ಬೈಲಹೊಂಗಲದಲ್ಲಿ ರಾಕ್ ಸಂಗೀತಕ್ಕೆ ಕಿಮ್ಮತ್ತಿಲ್ಲ ಎಂಬುದು ನಿಜಗುಣಪ್ಪನ ಹಳೆಯ ತಕರಾರು. ಅವನ ‘ಎರಿಮಣ್ಣು’ ತಂಡದ ಮೊದಲ ಆಲ್ಬಮ್ಮನ್ನು ಇಡೀ ಭೂಮಂಡಲದಲ್ಲಿ ಕೇಳಿದ್ದು ನಲವತ್ತಮೂರು ಸಲ. ಮೂವತ್ತು ಸಲ ಬೀಗರು, ಮುಲಾಜಿಗೆ ಬಿದ್ದು. ಉಳಿದ ಹದಿಮೂರು ಸಲ ಅವನೇ.

ಎರಡನೆಯದಕ್ಕೆ ಕೈಹಾಕಿದಾಗ ಹೆಂಡತಿ ಸುಂದರವ್ವ ಒಂದು ಕರಾರು ಹಾಕಿದಳು. ಇದೂ ಮಕಾಡೆ ಮಲಗಿದರೆ ಗಿಟಾರು ಸಂಪಗಾಂವದ ಭಜನಾ ಮಂಡಳಿಗೆ ದಾನ. ನಿಜಗುಣಪ್ಪ ಮೀಸೆ ತಿರುವಿ ಒಪ್ಪಿಕೊಂಡ. (ಒಪ್ಪದೆ ಏನು ಮಾಡಿಯಾನು ಪಾಪ.)

ಸ್ಟುಡಿಯೋ ಎಂದರೆ ಮನೆಯ ಮೇಲಿನ ಕೋಣೆ. ದನಿ ಗೋಡೆಗೆ ಬಡಿದು ವಾಪಸು ಬರಬಾರದು, ಅದಕ್ಕೆ ಗೋಡೆಗೆ ದಪ್ಪ ಬಟ್ಟೆ ಹೊದಿಸಬೇಕು. ಮನೆಯಲ್ಲಿ ದಪ್ಪ ಬಟ್ಟೆ ಎಂದರೆ ಕೌದಿ. ಹಳೇ ಸೀರೆ, ಧೋತರಗಳನ್ನು ಪದರು ಪದರಾಗಿ ಜೋಡಿಸಿ ಸುಂದರವ್ವ, ಅವಳ ಅವ್ವ, ಅವಳ ಅಜ್ಜಿ ಹೊಲಿದ ಹನ್ನೊಂದು ಕೌದಿಗಳೂ ಗೋಡೆ ಏರಿದವು. ಅದೂ ಮೊಳೆ ಹೊಡೆದು.

ಎಂಟು ಹಾಡು ಮುಗಿದವು. ನಿಜಗುಣಪ್ಪ ಕಣ್ಣು ಮುಚ್ಚಿ ಒಂಬತ್ತನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಕಟಕೋಳದಿಂದ ಬಂದ ಬೀಗರಿಗೆ ಹಾಸಲು ಕೌದಿ ಹುಡುಕುತ್ತ ಸುಂದರವ್ವ ಬಾಗಿಲಿಗೆ ಬಂದಳು. ಮೊಳೆ ಕಂಡಳು.

“ನನ್ನ ಬಾಣಂತನದ ಕೌದಿಗೆ ಮೊಳಿ ಹೊಡದೀರಿ? ಕೈಯರ ಹೆಂಗ ಬಂತ್ರಿ? ಗ್ವಾಡಿಗೆ ಥಂಡಿ ಹತ್ತಿತ್ತೇನ್ರಿ?”

ಹೀಗೆ ಆರು ನಿಮಿಷ. ಉಸಿರು ತಪ್ಪಲಿಲ್ಲ, ಲಯ ತಪ್ಪಲಿಲ್ಲ, ಗಂಡನಿಗೆ ಕೊಡುವ ಮರ್ಯಾದೆಯೂ ತಪ್ಪಲಿಲ್ಲ. ಡ್ರಮ್ಮಿನ ಪರಶು, ಕೈ ನಿಲ್ಲಿಸಿದರೆ ಬೈಗುಳ ತನ್ನ ಕಡೆ ತಿರುಗೀತೆಂದು ಹೆದರಿ ಬಾರಿಸುತ್ತಲೇ ಇದ್ದ. ರೆಕಾರ್ಡಿಂಗ್ ನಡೆದೇ ಇತ್ತು. ಹಾಡುಗಳನ್ನು ನೆಟ್ಟಿಗೆ ಏರಿಸುವ ಕೆಲಸವೂ ಪರಶುವಿನದೇ ಆದ್ದರಿಂದ, ಒಂಬತ್ತನೇ ಹಾಡೆಂದು ಅದೇ ಏರಿಬಿಟ್ಟಿತು. (ಕಣ್ತಪ್ಪಿ ಆಯಿತು ಅನ್ನುತ್ತಾನೆ. ನಂಬುವವರು ನಂಬಿರಿ.)

ಒಂದೇ ವಾರಕ್ಕೆ ಲಕ್ಷ ಜನ ಕೇಳಿದರು. ಕಿತ್ತೂರಿನ ಹೆಣ್ಣುಮಕ್ಕಳು ಗಂಡಂದಿರಿಗೆ ಕೇಳಿಸುವಂತೆ ಜೋರಾಗಿ ಹಚ್ಚಿಟ್ಟರು. ಸವದತ್ತಿಯಿಂದ ಕಾರ್ಯಕ್ರಮಕ್ಕೆ ಕರೆ ಬಂತು. ನಿಜಗುಣಪ್ಪ ಹಿಗ್ಗಿ ಹೀರೇಕಾಯಿಯಾದ.

ಅಲ್ಲಿ ಸೇರಿದ ಎರಡು ಸಾವಿರ ಜನ ಅವನ ಎಂಟು ಹಾಡುಗಳನ್ನು ಸಭ್ಯವಾಗಿ ಸಹಿಸಿಕೊಂಡರು. ಆಮೇಲೆ ಒಂಬತ್ತನೆಯದು ಬೇಕೆಂದು ಕೂಗೆದ್ದಿತು. ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು ಸುಂದರವ್ವ ಮೈಕಿನ ಮುಂದೆ ಬಂದಳು.

“ಹಂಗ ಸುಮ್ಮಸುಮ್ಮನ ಬೈಯಾಕ ನನಗ ಬರಂಗಿಲ್ರಿ. ಏನರ ತಪ್ಪು ಆಗಿರಬೇಕು” ಎಂದಳು.

ಸಿಳ್ಳೆಗಳು ನಿಂತವು. ಹಿಂದಿನ ಸಾಲಿನವರು ಎದ್ದು ಚಪ್ಪಲಿ ಹುಡುಕತೊಡಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವ ಹೊತ್ತು. ನಿಜಗುಣಪ್ಪನ ಕಣ್ಣಮುಂದೆ ಭಜನಾ ಮಂಡಳಿಯ ಅಧ್ಯಕ್ಷರು ಗಿಟಾರು ಶ್ರುತಿ ಮಾಡುವ ದೃಶ್ಯ ಹಾದುಹೋಯಿತು. ಅವನು ಎದೆ ಗಟ್ಟಿ ಮಾಡಿಕೊಂಡು ಮೈಕು ಹಿಡಿದ.

“ನಿನ್ನ ತಮ್ಮನ ಲಗ್ನಕ್ಕ ಜ್ವರ ಅಂತ ಬರಲಿಲ್ಲಲಾ, ಅವತ್ತ ನನಗ ಜ್ವರ ಇರಲಿಲ್ಲ. ನವಿಲುತೀರ್ಥಕ್ಕ ಹೋಗಿ ಗಿಟಾರ ಬಾರಿಸಾಕ ಹತ್ತಿದ್ದೆ.”

ಸುಂದರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪರಶು ಕೋಲೆತ್ತಿದ.

ಹದಿನಾಲ್ಕು ನಿಮಿಷ! ಎರಡು ಸಾವಿರ ಜನ ಎದ್ದು ನಿಂತು ಚಪ್ಪಾಳೆಯಲ್ಲಿ ತಾಳ ಹಿಡಿದರು. ನಿಜಗುಣಪ್ಪನ ವಂಶದ ಏಳು ತಲೆಮಾರು ವೇದಿಕೆ ಹತ್ತಿ ಇಳಿದವು. ಅವನು ತಲೆ ತಗ್ಗಿಸಿಕೊಂಡೇ ಗಿಟಾರು ನುಡಿಸಿದ. ಜನ್ಮದಲ್ಲಿ ಅಷ್ಟು ಚೆಂದ ನುಡಿಸಿರಲಿಲ್ಲ. ಮರ್ಯಾದೆ ಮಣ್ಣುಪಾಲಾಗುತ್ತಿದ್ದರೂ ಸಂತೋಷಕ್ಕೆ ಅವನ ಕಣ್ಣು ತುಂಬಿ ಬಂದವು.

ಮುಗಿದ ಮೇಲೆ ರಾಮದುರ್ಗದ ಜಟ್ಟೆಪ್ಪ ಎಂಬ ಸಂಘಟಕ ಹಾರ ಹಿಡಿದು ಬಂದ. ಕೊರಳು ಚಾಚಿದ ನಿಜಗುಣಪ್ಪನನ್ನು ದಾಟಿ ಹೋಗಿ ಸುಂದರವ್ವನ ಕೈಗೆ ಕೊಟ್ಟ. ಮುಂದಿನ ತಿಂಗಳು ತಮ್ಮೂರಿಗೆ ಬರಬೇಕು, ಆದರೆ ಬೈಗುಳ ಹೊಸದಾಗಿರಬೇಕು ಎಂದು ಕೈಮುಗಿದ.

ಸುಂದರವ್ವ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

“ಬರತೇವ್ರಿ. ಅಷ್ಟರಾಗ ಇವರು ಏನರ ಒಂದು ಮಾಡೇ ಮಾಡತಾರ.”